ಕಾರ್ಡಿನ ವಿಮೆ ಕಾಯುವುದು ಕಾರನ್ನು ಮಾತ್ರ

ಪ್ರಶ್ನೆ: ಮಗ ಅಮೆರಿಕದ ನ್ಯೂಜೆರ್ಸಿಯಲ್ಲಿ ಕೆಲಸದಲ್ಲಿದ್ದಾನೆ. ಬರುವ ಬೇಸಿಗೆಯಲ್ಲಿ ಮನೆಮಂದಿಯೆಲ್ಲ ಇಟಲಿಯಲ್ಲಿ ಸೇರಿ, ಫ್ಲಾರೆನ್ಸಿನಲ್ಲಿ ಬಾಡಿಗೆಗೆ ಕಾರು ತೆಗೆದುಕೊಂಡು ಎರಡು ವಾರ ಸುತ್ತುವ ಯೋಚನೆ ಇದೆ. ‘ಕಾರಿನ ಕಂಪನಿಯವರ ಇನ್ಶೂರೆನ್ಸ್ ಬೇಡ ಅಪ್ಪಾ, ನನ್ನ ಕ್ರೆಡಿಟ್ ಕಾರ್ಡಿನಲ್ಲೇ ಬರುತ್ತೆ’ ಎನ್ನುತ್ತಾನೆ. ನನ್ನ ಬಳಿಯೂ ಇಲ್ಲಿನ ಬ್ಯಾಂಕಿನ ವೀಸಾ ಕಾರ್ಡಿದೆ. ಅದರಲ್ಲೂ ಬರುತ್ತದೆಯೇ? ಕಾರ್ಡು ಉಜ್ಜಿದ ಮಾತ್ರಕ್ಕೆ ಕಾರಿಗೆ ವಿಮೆ ಆಗಿಬಿಡುವುದು ಹೇಗೆ? ಇದನ್ನು ನಂಬಬಹುದೇ?
– ಓದುಗರೊಬ್ಬರು, ಮೈಸೂರು

ಉತ್ತರ: ಹೊರಡುವ ಮೊದಲೇ ಕೇಳಿದ್ದು ಒಳ್ಳೆಯದಾಯಿತು. ಸಾಮಾನ್ಯವಾಗಿ ಈ ಪ್ರಶ್ನೆ ಎದ್ದೇಳುವುದು ವಿಮಾನ ನಿಲ್ದಾಣದ ಬಾಡಿಗೆ ಕಾರಿನ ಕೌಂಟರಿನಲ್ಲಿ. ಹಿಂದೆ ಸಾಲು ನಿಂತಿರುತ್ತದೆ, ಕಣ್ಣಿಗೆ ನಿದ್ದೆ ಹತ್ತಿರುತ್ತದೆ, ಎದುರಿಗಿರುವವರು ‘ಸಹಿ ಹಾಕಿ’ ಎನ್ನುತ್ತಿರುತ್ತಾರೆ. ಆಗ ಯಾರಿಗೂ ಯೋಚಿಸಲು ಪುರುಸೊತ್ತು ಇರುವುದಿಲ್ಲ.

ನಿಮ್ಮ ಮಗ ಹೇಳಿದ್ದು ಸುಳ್ಳಲ್ಲ. ಆದರೆ ಅದು ಅರ್ಧ ಮಾತ್ರ. ಉಳಿದರ್ಧವನ್ನು ಒಂದೊಂದಾಗಿ ನೋಡೋಣ.

ಮೊದಲು, ಈ ವಿಮೆ ಅಂದರೆ ಏನು? ಬಾಡಿಗೆ ಕಾರು ನಿಮ್ಮ ಕೈಯಲ್ಲಿದ್ದಾಗ ಅದಕ್ಕೆ ಪೆಟ್ಟಾದರೆ ಅಥವಾ ಅದು ಕಳುವಾದರೆ ಕಂಪನಿ ಆ ನಷ್ಟವನ್ನು ನಿಮ್ಮಿಂದಲೇ ವಸೂಲು ಮಾಡುತ್ತದೆ. ‘ದಿನಕ್ಕೆ ಇಷ್ಟು ಹೆಚ್ಚು ಕೊಟ್ಟರೆ ವಸೂಲಿ ಬಿಟ್ಟುಬಿಡುತ್ತೇವೆ’ ಎಂದು ಕಂಪನಿಯವರು ಮಾಡಿಕೊಳ್ಳುವ ಒಪ್ಪಂದಕ್ಕೆ ಕೊಲಿಷನ್ ಡ್ಯಾಮೇಜ್ ವೇವರ್, ಚಿಕ್ಕದಾಗಿ ಸಿಡಿಡಬ್ಲ್ಯು ಎಂದು ಹೆಸರು. ಕೆಲವು ಕ್ರೆಡಿಟ್ ಕಾರ್ಡುಗಳು ಇದೇ ರಕ್ಷಣೆಯನ್ನು ಬೇರೆ ದಾರಿಯಲ್ಲಿ ಕೊಡುತ್ತವೆ. ಕಂಪನಿಯ ಸಿಡಿಡಬ್ಲ್ಯು ಬೇಡವೆಂದು ಹೇಳಿ, ಬಾಡಿಗೆ ಪೂರ್ತಿಯನ್ನು ಆ ಕಾರ್ಡಿನಲ್ಲೇ ಕೊಟ್ಟಿದ್ದರೆ, ಪೆಟ್ಟಿನ ಖರ್ಚನ್ನು ಕಾರ್ಡಿನವರ ಹಿಂದಿರುವ ವಿಮಾ ಕಂಪನಿ ತುಂಬಿಕೊಡುತ್ತದೆ. ಇದಕ್ಕೆ ನೀವು ಬೇರೆ ಕಂತು ಕಟ್ಟಬೇಕಿಲ್ಲ. ಕಾರ್ಡು ಕೊಟ್ಟ ಬ್ಯಾಂಕು ತನ್ನೆಲ್ಲ ಗ್ರಾಹಕರ ಪರವಾಗಿ ಒಂದು ಗುಂಪು ವಿಮೆ ಮಾಡಿಸಿರುತ್ತದೆ. ಕಾರ್ಡು ಉಜ್ಜಿದಾಗ ನೀವು ಆ ಗುಂಪಿಗೆ ಸೇರಿದಂತಾಗುತ್ತದೆ, ಅಷ್ಟೇ.

ಇಲ್ಲಿ ಹಲವರು ಎಡವುವ ಒಂದು ಸಂಗತಿ ಇದೆ. ‘ಇನ್ಶೂರೆನ್ಸ್ ಇದೆ’ ಎಂದ ಕೂಡಲೇ ಎಲ್ಲಕ್ಕೂ ಇದೆ ಎಂದುಕೊಳ್ಳುವುದು ಸಹಜ. ನಮ್ಮ ಊರಿನ ಕಾರು ವಿಮೆಯ ಕಾಗದ ತೆಗೆದು ನೋಡಿ. ಅದರಲ್ಲಿ ಎರಡು ಭಾಗ ಇರುತ್ತದೆ. ಥರ್ಡ್ ಪಾರ್ಟಿ ಎಂಬುದು ನಿಮ್ಮ ಕಾರಿನಿಂದ ಬೇರೆಯವರಿಗೆ, ಅವರ ಆಸ್ತಿಗೆ ಆದ ಹಾನಿಗೆ. ಓನ್ ಡ್ಯಾಮೇಜ್ ಎಂಬುದು ನಿಮ್ಮ ಕಾರಿಗೇ ಆದ ಹಾನಿಗೆ. ನಮ್ಮಲ್ಲಿ 1988ರ ಮೋಟಾರು ವಾಹನ ಕಾಯಿದೆ ಕಡ್ಡಾಯ ಮಾಡಿರುವುದು ಮೊದಲನೆಯದನ್ನು ಮಾತ್ರ. ಕ್ರೆಡಿಟ್ ಕಾರ್ಡು ಕೊಡುವುದು ಇದರ ತಿರುವುಮುರುವು: ಓನ್ ಡ್ಯಾಮೇಜ್ ಭಾಗ ಮಾತ್ರ. ಎದುರಿನ ಕಾರಿಗೆ ಗುದ್ದಿದರೆ ಆ ಕಾರಿನ ರಿಪೇರಿ, ಗಾಯಗೊಂಡವರ ಆಸ್ಪತ್ರೆ ಖರ್ಚು, ನಿಮ್ಮದೇ ಚಿಕಿತ್ಸೆ, ಹಿಂದಿನ ಸೀಟಿನಿಂದ ಕಳುವಾದ ಬ್ಯಾಗು – ಇವು ಯಾವುವೂ ಸಾಮಾನ್ಯವಾಗಿ ಅದರಲ್ಲಿ ಬರುವುದಿಲ್ಲ.

ಹಾಗಾದರೆ ಥರ್ಡ್ ಪಾರ್ಟಿಗೆ ಏನು ಗತಿ? ನೀವು ಹೋಗುತ್ತಿರುವುದು ಇಟಲಿಗಾದ್ದರಿಂದ ಈ ಚಿಂತೆ ಕಡಿಮೆ. ಐರೋಪ್ಯ ಒಕ್ಕೂಟದ ದೇಶಗಳಲ್ಲಿ ವಾಹನಗಳಿಗೆ ಥರ್ಡ್ ಪಾರ್ಟಿ ವಿಮೆ ಕಡ್ಡಾಯ. ಬಾಡಿಗೆ ಕಾರಿಗೂ ಅದು ಮೊದಲೇ ಇರುತ್ತದೆ, ಬಾಡಿಗೆಯಲ್ಲೇ ಸೇರಿರುತ್ತದೆ. ಅಮೆರಿಕದ ಲೆಕ್ಕ ಬೇರೆ. ಅಲ್ಲಿ ಒಂದೊಂದು ರಾಜ್ಯಕ್ಕೆ ಒಂದೊಂದು ಕಾನೂನು, ಕನಿಷ್ಠ ಮೊತ್ತವೂ ಬೇರೆ ಬೇರೆ. ನ್ಯೂಜಿಲೆಂಡಿನಲ್ಲಿ ಅಪಘಾತದ ಗಾಯಗಳನ್ನು ಸರ್ಕಾರಿ ಯೋಜನೆಯೇ ನೋಡಿಕೊಳ್ಳುತ್ತದೆ. ಆದರೆ ಬೇರೆಯವರ ವಾಹನಕ್ಕೆ ಆದ ಹಾನಿಗೆ ವಿಮೆ ಅಲ್ಲಿ ಕಡ್ಡಾಯವಲ್ಲ. ಆದ್ದರಿಂದ ದೇಶ ಬದಲಾದಾಗಲೆಲ್ಲ ಥರ್ಡ್ ಪಾರ್ಟಿ ಬಗ್ಗೆ ಬೇರೆಯಾಗಿಯೇ ಕೇಳಬೇಕು.

ಎರಡನೆಯದು, ನಿಮ್ಮ ಕಾರ್ಡಿನ ವಿಷಯ. ವೀಸಾ, ಮಾಸ್ಟರ್‌ಕಾರ್ಡ್ ಎಂಬ ಗುರುತು ಎರಡೂ ಕಡೆ ಒಂದೇ ಇದ್ದರೂ ಸವಲತ್ತು ಒಂದೇ ಅಲ್ಲ. ಅದನ್ನು ನಿರ್ಧರಿಸುವುದು ಕಾರ್ಡು ಕೊಟ್ಟ ಬ್ಯಾಂಕು ಮತ್ತು ಕಾರ್ಡಿನ ದರ್ಜೆ. ನಮ್ಮ ದೇಶದ ಬ್ಯಾಂಕುಗಳು ಕೊಡುವ ಕಾರ್ಡುಗಳಲ್ಲಿ ವಿಮಾನ ಅಪಘಾತ ವಿಮೆ, ಲಗೇಜು ಕಳೆದರೆ ಪರಿಹಾರ ಇಂಥವು ಸಿಗುವುದುಂಟು. ಬಾಡಿಗೆ ಕಾರಿನ ಹಾನಿಗೆ ರಕ್ಷಣೆ ಬಹುಪಾಲು ಕಾರ್ಡುಗಳಲ್ಲಿ ಇರುವುದಿಲ್ಲ. ನಿಮ್ಮ ಕಾರ್ಡಿನ ಸವಲತ್ತುಗಳ ಪಟ್ಟಿಯಲ್ಲಿ ಅದು ಬರಹದಲ್ಲಿ ಕಾಣದಿದ್ದರೆ ಇಲ್ಲವೆಂದೇ ತಿಳಿಯಿರಿ. ಮನೆಯ ಕಾರಿನ ವಿಮೆ ಇಟಲಿಯಲ್ಲಿ ಕೆಲಸಕ್ಕೆ ಬರುವುದಿಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ. ನಮ್ಮ ಮೋಟಾರು ವಿಮೆಯನ್ನು ಹೆಚ್ಚು ಹಣ ಕಟ್ಟಿ ವಿಸ್ತರಿಸಿದರೂ ಅದು ಹೋಗುವುದು ನೇಪಾಳ, ಭೂತಾನ್, ಬಾಂಗ್ಲಾದೇಶ, ಪಾಕಿಸ್ತಾನ, ಶ್ರೀಲಂಕಾ, ಮಾಲ್ಡೀವ್ಸ್‌ವರೆಗೆ; ಅದೂ ನಿಮ್ಮ ಸ್ವಂತ ವಾಹನಕ್ಕೆ.

ಮೂರನೆಯದು, ಮಗನ ಕಾರ್ಡು. ಅಮೆರಿಕದ ಕಾರ್ಡುಗಳಲ್ಲಿ ಈ ಸವಲತ್ತು ಹೆಚ್ಚು. ಹಾಗೆಂದು ಎಲ್ಲದರಲ್ಲೂ ಇಲ್ಲ, ಇದ್ದದ್ದು ಇದ್ದಂತೆ ಉಳಿಯುವುದೂ ಇಲ್ಲ. ಡಿಸ್ಕವರ್ ಕಾರ್ಡು 2018ರಲ್ಲಿ ಇದನ್ನು ನಿಲ್ಲಿಸಿತು. ಸಿಟಿ ಬ್ಯಾಂಕು 2019ರಲ್ಲಿ ತನ್ನ ಬಹುತೇಕ ಕಾರ್ಡುಗಳಿಂದ ತೆಗೆದುಹಾಕಿತು. ಐದಾರು ವರ್ಷದ ಹಿಂದೆ ಸ್ನೇಹಿತರು ಹೇಳಿದ ಮಾತನ್ನು ಇಂದು ನೆಚ್ಚುವಂತಿಲ್ಲ.

ಅದಕ್ಕಿಂತ ಮುಖ್ಯವಾದದ್ದು ದೇಶಗಳ ಪಟ್ಟಿ. ಅಮೆರಿಕದಲ್ಲಿ ಕೊಟ್ಟ ಅಮೆರಿಕನ್ ಎಕ್ಸ್‌ಪ್ರೆಸ್ ಕಾರ್ಡುಗಳ ಬಾಡಿಗೆ ಕಾರಿನ ವಿಮೆ ಆಸ್ಟ್ರೇಲಿಯಾ, ಇಟಲಿ, ನ್ಯೂಜಿಲೆಂಡ್‌ಗಳಲ್ಲಿ ನಡೆಯುವುದಿಲ್ಲ. ನಿಮ್ಮ ಮಗನ ಕೈಯಲ್ಲಿರುವುದು ಆ ಕಾರ್ಡಾದರೆ ನಿಮ್ಮ ಪ್ರವಾಸಕ್ಕೆ ಅದು ಉಪಯೋಗಕ್ಕಿಲ್ಲ; ಬೇರೆ ಕಾರ್ಡು ನೋಡಬೇಕು. ವೀಸಾ ಕಾರ್ಡುಗಳ ಪೈಕಿ ಹಲವು ಐರ್ಲೆಂಡ್, ಇಸ್ರೇಲ್, ಜಮೈಕಾಗಳನ್ನು ಹೊರಗಿಟ್ಟದ್ದುಂಟು. ಹಾಗಾಗಿ ಮಗ ಮೊದಲು ಓದಬೇಕಾದದ್ದು ‘ಯಾವ ದೇಶಗಳಲ್ಲಿ ಇಲ್ಲ’ ಎಂಬ ಸಾಲನ್ನು.

ನಾಲ್ಕನೆಯದು, ಪ್ರೈಮರಿ ಮತ್ತು ಸೆಕೆಂಡರಿ ಎಂಬ ಎರಡು ಮಾತುಗಳು ಕಿವಿಗೆ ಬಿದ್ದೇ ಬೀಳುತ್ತವೆ. ಪ್ರೈಮರಿ ಎಂದರೆ ನಷ್ಟವನ್ನು ಕಾರ್ಡಿನವರೇ ಮೊದಲು ತುಂಬುತ್ತಾರೆ. ಸೆಕೆಂಡರಿ ಎಂದರೆ ನಿಮ್ಮ ಸ್ವಂತ ಕಾರಿನ ವಿಮೆ ಮೊದಲು ತುಂಬಬೇಕು, ಉಳಿದದ್ದನ್ನಷ್ಟೇ ಕಾರ್ಡಿನವರು ಕೊಡುತ್ತಾರೆ. ಚೇಸ್ ಬ್ಯಾಂಕಿನ ಸಫೈರ್ ಕಾರ್ಡುಗಳು ಮೊದಲ ಬಗೆಯವು. ಅಮೆರಿಕದ ಸಾಮಾನ್ಯ ಕಾರ್ಡುಗಳಲ್ಲಿ ಹೆಚ್ಚಿನವು ಎರಡನೆಯ ಬಗೆಯವು. ಇಟಲಿಯ ಮಟ್ಟಿಗೆ ಈ ಭೇದಕ್ಕೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ಅಮೆರಿಕದ ಮನೆಕಾರಿನ ವಿಮೆ ಸಾಮಾನ್ಯವಾಗಿ ಆ ದೇಶ ಮತ್ತು ಕೆನಡಾ ದಾಟುವುದಿಲ್ಲ. ಮೊದಲು ತುಂಬಬೇಕಾದ ವಿಮೆಯೇ ಅಲ್ಲಿ ಇಲ್ಲದ ಮೇಲೆ ಸೆಕೆಂಡರಿ ಕಾರ್ಡೂ ಹೆಚ್ಚಿನ ಸಂದರ್ಭದಲ್ಲಿ ಮೊದಲನೆಯದರಂತೆಯೇ ನಡೆದುಕೊಳ್ಳುತ್ತದೆ.

ಐದನೆಯದು, ಇಟಲಿಗೇ ಸೇರಿದ ಒಂದು ವಿಶೇಷ. ‘ಸಿಡಿಡಬ್ಲ್ಯು ಬೇಡ ಅನ್ನಿ’ ಎಂದು ಕಾರ್ಡಿನವರು ಹೇಳುತ್ತಾರೆ. ಇಟಲಿಯಲ್ಲಿ ಬೇಡ ಎನ್ನುವುದಕ್ಕೆ ಸಾಧಾರಣವಾಗಿ ಅವಕಾಶವೇ ಇರುವುದಿಲ್ಲ. ಅಲ್ಲಿನ ಕಂಪನಿಗಳು ಸಿಡಿಡಬ್ಲ್ಯು ಮತ್ತು ಕಳ್ಳತನದ ರಕ್ಷಣೆ ಎರಡನ್ನೂ ಬಾಡಿಗೆಯಲ್ಲೇ ಸೇರಿಸಿಬಿಡುತ್ತವೆ. ಆದರೆ ಅದು ಪೂರ್ತಿ ರಕ್ಷಣೆಯಲ್ಲ, ಎಕ್ಸೆಸ್ ಎಂಬ ಮೊದಲ ಭಾಗ ನಿಮ್ಮ ತಲೆಯ ಮೇಲೆ ಉಳಿದಿರುತ್ತದೆ. ಉದಾಹರಣೆಗೆ ಎಕ್ಸೆಸ್ 1,500 ಯೂರೊ ಎಂದು ಬರೆದಿದ್ದು, ಕಾರಿಗೆ 4,000 ಯೂರೊ ಹಾನಿಯಾಯಿತು ಅಂದುಕೊಳ್ಳಿ. ನೀವು 1,500 ಕೊಡಬೇಕು, ಉಳಿದ 2,500 ಕಂಪನಿ ಬಿಡುತ್ತದೆ. ಹಾನಿ 600 ಯೂರೊ ಆದರೆ ಪೂರ್ತಿ ನಿಮ್ಮದೇ. ಟೈರು, ಗಾಜು, ಕಾರಿನ ತಳಭಾಗ ಇವನ್ನು ಹಲವು ಕಂಪನಿಗಳು ಈ ರಕ್ಷಣೆಯಿಂದ ಹೊರಗೇ ಇಡುತ್ತವೆ.

ಕೌಂಟರಿನಲ್ಲಿ ಒತ್ತಾಯ ಮಾಡಿ ಮಾರುವುದು ಈ ಎಕ್ಸೆಸ್ಸನ್ನು ಸೊನ್ನೆಗೆ ಇಳಿಸುವ ಇನ್ನೊಂದು ಪ್ಯಾಕೇಜನ್ನು. ಅಲ್ಲಿನ ಸಿಬ್ಬಂದಿ ‘ನಿಮ್ಮ ಕಾರ್ಡಿನ ವಿಮೆ ನಮ್ಮಲ್ಲಿ ನಡೆಯುವುದಿಲ್ಲ’ ಎಂದರೆ ಗಾಬರಿಯಾಗಬೇಡಿ. ಕಾರ್ಡಿನವರು ಕಂಪನಿಗೆ ನೇರವಾಗಿ ಹಣ ಕೊಡುವುದಿಲ್ಲ ಎಂಬುದಷ್ಟೇ ಆ ಮಾತಿನಲ್ಲಿರುವ ನಿಜ. ಮೊದಲು ಕಂಪನಿ ನಿಮ್ಮ ಕಾರ್ಡಿನಿಂದ ಎಳೆದುಕೊಳ್ಳುತ್ತದೆ, ಆಮೇಲೆ ನೀವು ಕ್ಲೇಮ್ ಹಾಕಿ ಹಿಂದಕ್ಕೆ ಪಡೆಯಬೇಕು. ಬಾಡಿಗೆಯಲ್ಲೇ ಸೇರಿಬಂದ ಸಿಡಿಡಬ್ಲ್ಯು ಇದ್ದಾಗಲೂ ಎಕ್ಸೆಸ್ ಭಾಗವನ್ನು ತುಂಬಿಕೊಡುವ ಕಾರ್ಡುಗಳಿವೆ. ನಿಮ್ಮ ಮಗನದು ಅಂಥದ್ದೇ ಎಂಬುದನ್ನು ಕಾರ್ಡಿನವರಿಂದ ಪತ್ರ ಅಥವಾ ಇಮೇಲ್ ಮೂಲಕ ಮೊದಲೇ ಖಚಿತ ಮಾಡಿಕೊಳ್ಳಲಿ. ಹೆಚ್ಚಿನ ಪ್ಯಾಕೇಜು ಕೊಳ್ಳದಿದ್ದರೆ ಕಂಪನಿ ಎಕ್ಸೆಸ್ಸಿನಷ್ಟು ಹಣವನ್ನು ಠೇವಣಿಯಾಗಿ ಕಾರ್ಡಿನಲ್ಲಿ ತಡೆಹಿಡಿಯುವುದು ಸಾಮಾನ್ಯ, ಅಷ್ಟು ಮಿತಿ ಕಾರ್ಡಿನಲ್ಲಿ ಖಾಲಿ ಇರಬೇಕು.

ಆರನೆಯದು, ವಿಮೆ ಕೈತಪ್ಪದಂತೆ ಪಾಲಿಸಬೇಕಾದ ನಿಯಮಗಳು. ಬಾಡಿಗೆ ಕರಾರಿನಲ್ಲಿ ಮುಖ್ಯ ಬಾಡಿಗೆದಾರನ ಹೆಸರು ಕಾರ್ಡು ಯಾರದೋ ಅವರದೇ ಆಗಿರಬೇಕು. ಎಂದರೆ ಕಾರ್ಡು ಮಗನದು, ಕಾರು ಅಪ್ಪನ ಹೆಸರಿಗೆ ಎಂದರೆ ನಡೆಯುವುದಿಲ್ಲ. ನೀವೂ ನಡುವೆ ಸ್ಟೇರಿಂಗ್ ಹಿಡಿಯುವವರಾದರೆ ನಿಮ್ಮ ಹೆಸರನ್ನು ಹೆಚ್ಚುವರಿ ಚಾಲಕ ಎಂದು ಕರಾರಿನಲ್ಲಿ ಬರೆಸಲೇಬೇಕು. ಬರೆಸದೆ ‘ಅರ್ಧ ಗಂಟೆ ತಾನೇ’ ಎಂದು ಓಡಿಸಿದಾಗ ಪೆಟ್ಟಾದರೆ ಕಂಪನಿಯ ರಕ್ಷಣೆಯೂ ಹೋಗುತ್ತದೆ, ಕಾರ್ಡಿನದೂ ಹೋಗುತ್ತದೆ. ಬಾಡಿಗೆಯ ಅವಧಿಗೂ ಮಿತಿ ಇದೆ. ವೀಸಾ ಕಾರ್ಡುಗಳ ಸಾಮಾನ್ಯ ನಿಯಮದಲ್ಲಿ ಸ್ವದೇಶದಲ್ಲಿ 15 ದಿನ, ಹೊರದೇಶದಲ್ಲಿ 31 ದಿನ. ನಿಮ್ಮ ಎರಡು ವಾರ ಅದರೊಳಗೆ ಬರುತ್ತದೆ. ದುಬಾರಿ ಐಷಾರಾಮಿ ಕಾರು, ಹಳೆಯ ಕಾಲದ ಕಾರು, ಟ್ರಕ್ಕು, ಮೋಟಾರ್‌ಸೈಕಲ್ಲು ಸಾಮಾನ್ಯವಾಗಿ ಹೊರಗೆ. ಮನೆಮಂದಿ ಹೆಚ್ಚೆಂದು ದೊಡ್ಡ ವ್ಯಾನು ಹಿಡಿಯುವುದಾದರೆ ಎಷ್ಟು ಸೀಟಿನವರೆಗೆ ಒಪ್ಪುತ್ತಾರೆಂದು ಕೇಳಿಕೊಳ್ಳಿ. ಕುಡಿದು ಓಡಿಸಿದರೆ, ಕರಾರು ಮುರಿದರೆ ಯಾವ ವಿಮೆಯೂ ಇಲ್ಲ.

ಲೈಸೆನ್ಸು ಸರಿಯಿಲ್ಲದಿದ್ದರೂ ಹಾಗೆಯೇ. ಇಟಲಿಯಲ್ಲಿ ನಮ್ಮ ಲೈಸೆನ್ಸಿನ ಜೊತೆಗೆ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಬೇಕು. ಅಮೆರಿಕದ ಲೈಸೆನ್ಸಿಗೂ ಅದೇ ನಿಯಮ, ಆದ್ದರಿಂದ ಮಗನೂ ಅಲ್ಲಿಂದ ಮಾಡಿಸಿಕೊಂಡು ಬರಲಿ. ನೀವು ನಿಮ್ಮ ಆರ್‌ಟಿಒ ಕಚೇರಿಯಲ್ಲಿ 4ಎ ನಮೂನೆಯಲ್ಲಿ ಅರ್ಜಿ ಕೊಟ್ಟು ಪಡೆಯಬಹುದು. ಅದರ ಅವಧಿ ಒಂದು ವರ್ಷ.

ಏಳನೆಯದು, ಪೆಟ್ಟು ಆಗಿಯೇಬಿಟ್ಟರೆ ಏನು ಮಾಡಬೇಕು? ಕಾರು ತೆಗೆದುಕೊಳ್ಳುವಾಗಲೂ ಹಿಂದಿರುಗಿಸುವಾಗಲೂ ನಾಲ್ಕೂ ಕಡೆಯ ಫೋಟೊ ತೆಗೆದಿಡಿ. ಹಳೆಯ ಗೀರುಗಳನ್ನು ಕರಾರಿನ ಕಾಗದದಲ್ಲಿ ಗುರುತು ಹಾಕಿಸಿ. ಅಪಘಾತವಾದರೆ ಕಂಪನಿಗೆ ತಕ್ಷಣ ತಿಳಿಸಿ, ಕಳುವಾದರೆ ಪೊಲೀಸರಿಗೆ ದೂರು ಕೊಟ್ಟು ಅದರ ಪ್ರತಿ ಪಡೆಯಿರಿ. ಕೀಲಿಯನ್ನು ಕಾರಿನಲ್ಲೇ ಬಿಟ್ಟು ಹೋಗಿದ್ದರೆ ಪರಿಹಾರದ ಆಸೆ ಬಿಡಬೇಕಾಗುತ್ತದೆ. ಕಾರ್ಡಿನವರಿಗೆ ತಿಳಿಸಲು ಗಡುವಿದೆ. ವೀಸಾದ ಸಾಮಾನ್ಯ ನಿಯಮದಲ್ಲಿ ಅದು ಘಟನೆಯಾದ 45 ದಿನದೊಳಗೆ. ಬಾಡಿಗೆ ಕರಾರು, ರಿಪೇರಿಯ ವಿವರವಾದ ಬಿಲ್ಲು, ಫೋಟೊ, ಕಂಪನಿ ಹಣ ಕೇಳಿ ಬರೆದ ಪತ್ರ, ಕಾರ್ಡಿನ ಸ್ಟೇಟ್‌ಮೆಂಟು ಇವೆಲ್ಲ ಬೇಕಾಗುತ್ತವೆ. ಕಾರು ಗ್ಯಾರೇಜಿನಲ್ಲಿದ್ದ ದಿನಗಳ ಬಾಡಿಗೆ ನಷ್ಟವನ್ನೂ ಕಂಪನಿ ಕೇಳುವುದುಂಟು. ಅದನ್ನು ಕಾರ್ಡಿನವರು ಕೊಡಬೇಕಾದರೆ ಕಂಪನಿ ತನ್ನ ದಾಖಲೆ ತೋರಿಸಬೇಕಾಗುತ್ತದೆ.

ದಂಡಕ್ಕೆ ಯಾವ ವಿಮೆಯೂ ಇಲ್ಲ ಎಂಬುದನ್ನೂ ನೆನಪಿಡಿ. ಫ್ಲಾರೆನ್ಸ್, ಪೀಸಾ, ಸಿಯೆನಾಗಳ ಹಳೆಯ ಪೇಟೆಗಳಲ್ಲಿ ಝಡ್‌ಟಿಎಲ್ ಎಂಬ ನಿರ್ಬಂಧಿತ ವಲಯಗಳಿವೆ. ಅನುಮತಿ ಇಲ್ಲದ ವಾಹನ ಒಳಗೆ ಹೊಕ್ಕರೆ ಕ್ಯಾಮೆರಾ ನಂಬರ್ ಪ್ಲೇಟು ಹಿಡಿಯುತ್ತದೆ. ನೋಟಿಸು ಕಾರಿನ ಕಂಪನಿಗೆ ಹೋಗುತ್ತದೆ. ನೀವು ಊರು ಸೇರಿ ಎಷ್ಟೋ ತಿಂಗಳಾದ ಮೇಲೆ ಮೊದಲು ಕಂಪನಿಯ ನಿರ್ವಹಣಾ ಶುಲ್ಕ, ಆಮೇಲೆ ದಂಡ ಎರಡೂ ಬರುತ್ತವೆ. ಕಾರನ್ನು ಫ್ಲಾರೆನ್ಸ್ ವಿಮಾನ ನಿಲ್ದಾಣದಲ್ಲೇ ತೆಗೆದುಕೊಂಡು ಅಲ್ಲೇ ಬಿಡುವುದು ಒಳ್ಳೆಯದು. ಪೇಟೆಯೊಳಗೆ ನಡೆದೇ ಓಡಾಡಬಹುದು.

ಒಟ್ಟಿನಲ್ಲಿ ನನ್ನ ಸಲಹೆ ಇಷ್ಟು. ಮಗನ ಕಾರ್ಡಿನ ಸವಲತ್ತು ಪುಸ್ತಿಕೆಯಲ್ಲಿ ಇಟಲಿ ಹೊರಗಿಲ್ಲ, ಎಕ್ಸೆಸ್ ತುಂಬಿಕೊಡುತ್ತೇವೆ ಎಂಬ ಉತ್ತರ ಬರಹದಲ್ಲಿ ಬಂದಿದೆ, ಠೇವಣಿಗೆ ಬೇಕಾದ ಮಿತಿ ಕಾರ್ಡಿನಲ್ಲಿದೆ – ಈ ಮೂರೂ ಇದ್ದರೆ ಅವನ ಮಾತು ನಂಬಿ, ಕೌಂಟರಿನ ಪ್ಯಾಕೇಜು ಬೇಡವೆನ್ನಿ. ಮೂರರಲ್ಲಿ ಒಂದು ಇಲ್ಲದಿದ್ದರೂ ಎಕ್ಸೆಸ್ ಸೊನ್ನೆ ಮಾಡುವ ರಕ್ಷಣೆಯನ್ನು ಕಾಯ್ದಿರಿಸುವಾಗಲೇ ಕೊಂಡುಬಿಡಿ. ನಿಮ್ಮ ಪ್ರವಾಸ ವಿಮೆಯಲ್ಲಿ ಬಾಡಿಗೆ ವಾಹನದ ಎಕ್ಸೆಸ್ ಸೇರಿದೆಯೇ ಎಂದೂ ಒಮ್ಮೆ ವಿಚಾರಿಸಿ, ಕೆಲವು ಪಾಲಿಸಿಗಳಲ್ಲಿ ಸಿಗುತ್ತದೆ. ನಿಮ್ಮ ಇಲ್ಲಿನ ಕಾರ್ಡನ್ನು ಖರ್ಚಿಗೆ ಒಯ್ಯುವುದಾದರೆ ವಿದೇಶಿ ಬಳಕೆಯನ್ನು ಬ್ಯಾಂಕಿನ ಆ್ಯಪಿನಲ್ಲಿ ಚಾಲೂ ಮಾಡಿಕೊಂಡು ಹೊರಡಿ. ಆದರೆ ಕಾರಿನ ಬಾಡಿಗೆಯನ್ನು ಮಾತ್ರ ಅದರಲ್ಲಿ ಕೊಡಬೇಡಿ. ಬಾಡಿಗೆ ಪೂರ್ತಿ ಮಗನ ಕಾರ್ಡಿನಲ್ಲೇ ಹೋದರೆ ಅವನು ಹೇಳಿದ ಇನ್ಶೂರೆನ್ಸ್ ಉಳಿಯುತ್ತದೆ.