ಅನುದಾನ ಖರ್ಚಾಯಿತು, ಹಕ್ಕಿಗೇನಾಯಿತು?

ವನ್ಯಜೀವಿ ಸಂರಕ್ಷಣೆಗೆ ಹಣ ಪಡೆದ ಸಂಘಗಳ ವರದಿ ತೆರೆದರೆ ನೆಟ್ಟ ಸಸಿ, ನಡೆಸಿದ ಶಿಬಿರ, ಹಾಕಿದ ಫಲಕಗಳ ಲೆಕ್ಕ ಸಿಗುತ್ತದೆ. ಖರ್ಚಿನ ಪ್ರಮಾಣಪತ್ರಕ್ಕೆ ಅಷ್ಟು ಸಾಕು. ಫಲಿತಾಂಶ ತಿಳಿಯಲು ಸಾಲದು. ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರಿನಂಥ ಊರನ್ನೇ ತೆಗೆದುಕೊಳ್ಳಿ. 2007ರಲ್ಲಿ ಸಮುದಾಯ ಮೀಸಲು ಎಂದು ಘೋಷಣೆಯಾದ ಈ ಊರಿನ ಮರಗಳಲ್ಲಿ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತವೆ. ಇಂಥ ಕಡೆ ನಿಮ್ಮ ಸಂಘಕ್ಕೆ ಅನುದಾನ ಸಿಕ್ಕರೆ ಹೀಗೆ ಮಾಡಿ.

ಮೊದಲು ಗುರಿಯನ್ನು ಒಂದೇ ಸಾಲಿನಲ್ಲಿ ಬರೆಯಿರಿ. ‘ಪಕ್ಷಿ ಸಂರಕ್ಷಣೆ’ ಎಂದರೆ ಅಳೆಯಲು ಏನೂ ಸಿಗದು. ‘ಗೂಡಿನಿಂದ ಬಿದ್ದು ಸಾಯುವ ಮರಿಗಳು ಕಡಿಮೆಯಾಗಬೇಕು’ ಎಂದರೆ ಸಿಗುತ್ತದೆ.

ಹಣ ಕೈಸೇರುವ ಮುಂಚೆಯೇ, ಕನಿಷ್ಠ ಒಂದು ಗೂಡಿನ ಕಾಲ ಎಣಿಕೆ ಮಾಡಿ. ಇದು ತಪ್ಪಿದರೆ ಆಮೇಲೆ ಸರಿಪಡಿಸಲಾಗದು.

ಎಣಿಸುವ ಬಗೆಯಲ್ಲೇ ಎಡವುವವರು ಹೆಚ್ಚು. ಅರಣ್ಯ ಇಲಾಖೆಯ ಅನುಮತಿ ಪಡೆದು ಪ್ರತಿ ಮರಕ್ಕೂ ಸಂಖ್ಯೆ ಕೊಡಿ. ಮರದ ಜಾತಿ, ಮಾಲೀಕರ ಹೆಸರು ಬರೆದಿಡಿ. ಹದಿನೈದು ದಿನಕ್ಕೊಮ್ಮೆ, ಅದೇ ಹೊತ್ತಿಗೆ, ಅದೇ ಜಾಗದಲ್ಲಿ ನಿಂತು ದುರ್ಬೀನಿನಿಂದ ನೋಡಿ. ಹಕ್ಕಿ ಕಾವಿಗೆ ಕೂತ ಅಥವಾ ಮರಿ ಕಾಣುವ ಗೂಡಷ್ಟೇ ಲೆಕ್ಕಕ್ಕೆ. ಖಾಲಿ ಗೂಡು ಬೇಡ. ಒಂದೇ ಮರದಲ್ಲಿ ಎರಡೂ ಜಾತಿಯ ಹಕ್ಕಿಗಳಿದ್ದರೆ ಬೇರೆ ಬೇರೆ ಬರೆಯಿರಿ. ಇಬ್ಬರು ಪ್ರತ್ಯೇಕವಾಗಿ ಎಣಿಸಿ, ಬಳಿಕ ಚೀಟಿ ಹೋಲಿಸಿ; ವ್ಯತ್ಯಾಸ ದೊಡ್ಡದಿದ್ದರೆ ಮತ್ತೆ ಎಣಿಸಿ. ಕೊನೆಗೆ ಬೇಕಾದದ್ದು ಗೂಡಿಗೆ ಎಷ್ಟು ಮರಿ ಹಾರಿಹೋದವು ಎಂಬ ಲೆಕ್ಕ. ಗೂಡುಗಳು ಹೆಚ್ಚಿದ ಮಾತ್ರಕ್ಕೆ ಹಿಗ್ಗಬೇಡಿ. ಬೇರೆಡೆ ಕೆರೆ ಬತ್ತಿದ್ದಕ್ಕೆ ಹಕ್ಕಿಗಳು ಇತ್ತ ಬಂದಿರಲೂಬಹುದು.

ಆದ್ದರಿಂದ ಅನುದಾನ ತಲುಪದ ಇನ್ನೊಂದು ಗೂಡುತಾಣದಲ್ಲೂ ಇದೇ ಎಣಿಕೆ ನಡೆಯಲಿ. ಮಳೆ, ಕೆರೆಯ ನೀರಿನ ಮಟ್ಟವನ್ನೂ ದಾಖಲಿಸಿ. 2017ರ ಕೊನೆಯಿಂದ 2018ರವರೆಗೆ ಕೊಕ್ಕರೆಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳು ಸತ್ತಾಗ ಮರಣೋತ್ತರ ಪರೀಕ್ಷೆಯಲ್ಲಿ ಪರಾವಲಂಬಿ ಹುಳುಗಳು ಕಂಡುಬಂದಿದ್ದವು. ಅಂಥ ವರ್ಷ ಒಳ್ಳೆಯ ಯೋಜನೆಯೂ ಸೋತಂತೆ ಕಾಣುತ್ತದೆ. ಒಳ್ಳೆ ಮಳೆಯ ವರ್ಷ ಏನೂ ಮಾಡದವರಿಗೂ ಹೆಸರು ಬರುತ್ತದೆ!

ಮರದ ಮಾಲೀಕರನ್ನು ಬಿಟ್ಟು ಲೆಕ್ಕ ಪೂರ್ತಿಯಾಗದು. ಹುಣಸೆ ಬಡಿಯುವ ಕಾಲಕ್ಕೇ ಮರದ ಮೇಲೆ ಮರಿಗಳಿರುತ್ತವೆ. ಮರಿಗಳಿಗಾಗಿ ಫಸಲು ಕೊಯ್ಯದೆ ಬಿಟ್ಟವರಿಗೆ ಪರಿಹಾರ ಯಾವ ತಿಂಗಳು ತಲುಪಿತು, ವರ್ಷದಲ್ಲಿ ಎಷ್ಟು ಗೂಡುಮರ ಕಡಿದರು ಎಂದು ಕೇಳಿ ಬರೆಯಿರಿ.

ಇದಕ್ಕೆಲ್ಲ ಖರ್ಚಿದೆ. ಅರ್ಜಿ ಹಾಕುವಾಗಲೇ ಎಣಿಕೆಗೆಂದು ಹತ್ತರಲ್ಲಿ ಒಂದು ಪಾಲಾದರೂ ಕೇಳಿ. ಎಣಿಕೆ ಪುಸ್ತಕದ ಒಂದು ಪ್ರತಿ ವಲಯ ಅರಣ್ಯ ಕಚೇರಿಯಲ್ಲಿ, ಇನ್ನೊಂದು ಪಂಚಾಯಿತಿಯಲ್ಲಿರಲಿ. ಅನುದಾನ ಮುಗಿದ ಮೇಲೆ ಎಣಿಸಲು ಬರುವವರೂ ಅದೇ ಮರಸಂಖ್ಯೆಗಳಿಂದ ಮುಂದುವರಿಸಬಹುದು.