ಮುಖ್ಯಾಂಶಗಳು: ಕಮ್ಯುನಿಸಂ ಕುಸಿದ ಮೇಲೆ ರಷ್ಯಾ (1991–1999)

• 1991 ಡಿಸೆಂಬರ್ 8: ರಷ್ಯಾ, ಉಕ್ರೇನ್, ಬೆಲಾರುಸ್ ನಾಯಕರಿಂದ ಸೋವಿಯತ್ ಒಕ್ಕೂಟ ಮುಗಿಸುವ ಬೆಲೋವೆಜ್ ಒಪ್ಪಂದ. ಡಿಸೆಂಬರ್ 25: ಸೋವಿಯತ್ ಅಧ್ಯಕ್ಷ ಗೋರ್ಬಚೆವ್ ರಾಜೀನಾಮೆ. ಸೋವಿಯತ್ ಒಕ್ಕೂಟದ ಜಾಗದಲ್ಲಿ 15 ರಾಷ್ಟ್ರಗಳು. ರೂಪಾಯಿ ವ್ಯಾಪಾರದಲ್ಲಿ ನಮ್ಮ ಕಾಫಿ ಕೊಳ್ಳುತ್ತಿದ್ದ ದೊಡ್ಡ ಗಿರಾಕಿಯೇ ಇಲ್ಲವಾದ ಬಿಸಿ ಕೊಡಗು, ಚಿಕ್ಕಮಗಳೂರಿಗೂ ತಟ್ಟಿತು.

• ಆಘಾತ ಚಿಕಿತ್ಸೆ: ರೂವಾರಿ ಯೆಗೋರ್ ಗೈದಾರ್. 1992 ಜನವರಿ 2ರಿಂದ ಬಹುತೇಕ ಸರಕುಗಳ ಬೆಲೆ ನಿಯಂತ್ರಣ ರದ್ದು. ಖಾಲಿ ಅಂಗಡಿಗಳು ತುಂಬಿದವು, ತುಂಬಿದ್ದ ಪಾಸ್‌ಬುಕ್ಕುಗಳು ಖಾಲಿಯಾದವು. ಆ ವರ್ಷದ ಹಣದುಬ್ಬರ ಸುಮಾರು 2,500%.

• ವೋಚರ್ ಖಾಸಗೀಕರಣ: 1992 ಅಕ್ಟೋಬರ್, ರೂವಾರಿ ಅನತೋಲಿ ಚುಬೈಸ್. ಪ್ರತಿ ಪ್ರಜೆಗೆ, ಕೂಸಿಗೂ ಸೇರಿ, ಸರ್ಕಾರಿ ಕಂಪನಿಗಳ ಷೇರು ಪಡೆಯಲು 10,000 ರೂಬಲ್ ಮುಖಬೆಲೆಯ ಒಂದು ಚೀಟಿ. ಮುಂದೆ ಇದಕ್ಕೆ ಎರಡು ವೋಲ್ಗಾ ಕಾರಿನ ಬೆಲೆ ಬರುತ್ತದೆಂಬ ಭರವಸೆ. ಇಸವಿಗಿಂತ ಇಲ್ಲಿನ ಹಿಂದುಮುಂದು ನೆನಪಿಡಿ. ಐದು ಅಂಕದ ಉತ್ತರ ಇರುವುದೇ ಅದರಲ್ಲಿ. ಉಳಿತಾಯ ಕರಗಿದ್ದು ಜನವರಿಯಲ್ಲಿ, ಚೀಟಿ ಬಂದದ್ದು ಅಕ್ಟೋಬರಿನಲ್ಲಿ. ರೊಟ್ಟಿಗೆ ಪರದಾಡುತ್ತಿದ್ದವರು ಷೇರು ಕಾದಿಟ್ಟಾರೆಯೇ? ಸಿಕ್ಕಷ್ಟಕ್ಕೆ ಮಾರಿದರು, ಕಾರ್ಖಾನೆ ನಿರ್ದೇಶಕರೂ ದಲ್ಲಾಳಿಗಳೂ ಗುಡ್ಡೆ ಹಾಕಿಕೊಂಡರು. ಖಾಸಗೀಕರಣಕ್ಕೆ ಜನ ಇಟ್ಟ ಅಡ್ಡಹೆಸರು ‘ಪ್ರಿಖ್ವತಿಜಾತ್ಸಿಯಾ’. ಕನ್ನಡದಲ್ಲಿ ಬೇಕಾದರೆ ‘ಕಬಳೀಕರಣ’ ಎನ್ನಿ.

• ಸಾಲಕ್ಕೆ ಷೇರು, 1995: ನೊರಿಲ್ಸ್ಕ್ ನಿಕಲ್, ಯೂಕೋಸ್ ಮುಂತಾದ ಕಂಪನಿಗಳ ಷೇರುಗಳನ್ನು ಸರ್ಕಾರ ಬ್ಯಾಂಕುಗಳಲ್ಲಿ ಅಡವಿಟ್ಟಿತು, ಬಿಡಿಸಿಕೊಳ್ಳಲಿಲ್ಲ. ಷೇರುಗಳು ಬ್ಯಾಂಕ್ ಮಾಲೀಕರ ಪಾಲಾದವು. ‘ಒಲಿಗಾರ್ಕ್’ ಎನಿಸಿದ ಭಾರೀ ಸಿರಿವಂತರು ಬೆಳೆದದ್ದು ಹೀಗೆ.

• ರಾಜಕೀಯ: 1993 ಸೆಪ್ಟೆಂಬರ್ 21ರಂದು ಅಧ್ಯಕ್ಷ ಯೆಲ್ಟ್ಸಿನ್ ಸಂಸತ್ತು ವಿಸರ್ಜಿಸಿದರು, ಸದಸ್ಯರು ಜಗ್ಗಲಿಲ್ಲ. ಅಕ್ಟೋಬರ್ 4ರಂದು ಸಂಸತ್ ಭವನದ ಮೇಲೆ ಟ್ಯಾಂಕ್ ದಾಳಿ. ಡಿಸೆಂಬರ್ 12ರ ಜನಮತಗಣನೆಯಲ್ಲಿ ಹೊಸ ಸಂವಿಧಾನ, ಅಧ್ಯಕ್ಷರಿಗೆ ಅಪಾರ ಅಧಿಕಾರ. ಪುಟಿನ್ ಆಳ್ವಿಕೆಯ ಬುನಾದಿ ಹುಡುಕುವವರು 2000ಕ್ಕಲ್ಲ, ಇಲ್ಲಿಗೆ ಬರಬೇಕು.

• 1996: ಅಧ್ಯಕ್ಷೀಯ ಚುನಾವಣೆಯ ಎರಡನೇ ಸುತ್ತಿನಲ್ಲಿ ಕಮ್ಯುನಿಸ್ಟ್ ಪಕ್ಷದ ಜ್ಯುಗಾನೊವ್ ವಿರುದ್ಧ ಯೆಲ್ಟ್ಸಿನ್ ಗೆಲುವು. ಸೋತವರಿಗೂ 40% ಮತ.

• ಜನಜೀವನ (ಪ್ರಶ್ನೆಪತ್ರಿಕೆಗಳು ಇದನ್ನು ಕೇಳುವುದು ಅಪರೂಪ): ಗಂಡಸರ ಸರಾಸರಿ ಆಯುಷ್ಯ 1987ರಲ್ಲಿ ಸುಮಾರು 65 ವರ್ಷ, 1994ರಲ್ಲಿ 58ಕ್ಕೂ ಕಡಿಮೆ. ಸಂಬಳ ತಿಂಗಳುಗಟ್ಟಲೆ ಬಾಕಿ. ಕೆಲವೆಡೆ ಸಂಬಳದ ಬದಲು ಕಾರ್ಖಾನೆಯ ಸರಕನ್ನೇ ಕೊಟ್ಟರು. ಅನೇಕ ಕುಟುಂಬಗಳ ಹೊಟ್ಟೆ ತುಂಬಿಸಿದ್ದು ಊರಾಚೆಯ ‘ಡಾಚಾ’ ತೋಟದ ಆಲೂಗಡ್ಡೆ.

• 1998 ಆಗಸ್ಟ್ 17: ಸರ್ಕಾರದ ಸಾಲ ಮರುಪಾವತಿ ಸ್ಥಗಿತ, ರೂಬಲ್ ಅಪಮೌಲ್ಯ. ಆರು ವರ್ಷದಲ್ಲಿ ಎರಡನೇ ಸಲ ಉಳಿತಾಯಕ್ಕೆ ಪೆಟ್ಟು.

• 1999 ಡಿಸೆಂಬರ್ 31: ಟಿವಿಯಲ್ಲಿ ಜನರ ಕ್ಷಮೆ ಕೇಳಿ ಯೆಲ್ಟ್ಸಿನ್ ರಾಜೀನಾಮೆ. ಹಂಗಾಮಿ ಅಧ್ಯಕ್ಷ: ವ್ಲಾದಿಮಿರ್ ಪುಟಿನ್.