ಅಚ್ಚು ಮತ್ತು ಗಾಲಿ

1953ರ ಮಾತು. ಅಮೆರಿಕಾ ಸಂಯುಕ್ತ ಸಂಸ್ಥಾನದ ಕ್ಯಾಲಿಫೋರ್ನಿಯಾ ಪ್ರಾಂತದ ಮ್ಯಾನ್‌ಹಟನ್ ಬೀಚ್ ಎಂಬ ಊರಿನಲ್ಲಿ ಡಾನ್ ಮರ್ಫಿ ಎಂಬ ಗೃಹಸ್ಥನಿದ್ದನು. ಬಾಲಕರು ಇಂಜಿನ್ ಇಲ್ಲದ ಗಾಡಿಗಳಲ್ಲಿ ಕುಳಿತು ಇಳಿಜಾರಿನಲ್ಲಿ ಪಂದ್ಯ ಹೂಡುವ ‘ಸೋಪ್ ಬಾಕ್ಸ್ ಡರ್ಬಿ’ ಆ ದೇಶದಲ್ಲಿ ಜನಪ್ರಿಯವಾಗಿತ್ತು. ಆದರೆ ಅದಕ್ಕೆ ಮರ್ಫಿಯ ಹತ್ತು ವರ್ಷದ ಮಗನ ವಯಸ್ಸು ಸಾಲದಾಗಿತ್ತು. ಕಬ್ ಸ್ಕೌಟ್ ತಂಡವೊಂದರ ನಾಯಕನೂ ಆಗಿದ್ದ ಆ ತಂದೆ, ಅಂಗೈಯಲ್ಲಿ ಹಿಡಿಯಬಹುದಾದ ಪುಟ್ಟ ಮರದ ಕಾರುಗಳ ಪಂದ್ಯವೊಂದನ್ನು ಯೋಚಿಸಿದನು. ಆ ವರ್ಷದ ಮೇ 15ರಂದು ಮೊದಲ ಪಂದ್ಯ ನಡೆಯಿತು. ಅದೇ ‘ಪೈನ್‌ವುಡ್ ಡರ್ಬಿ’.

ಇದರಲ್ಲಿ ಪ್ರತಿಯೊಂದು ಮಗುವಿಗೂ ದೊರೆಯುವ ಸಾಮಗ್ರಿ ಒಂದೇ: ಪೈನ್ ಮರದ ಒಂದು ತುಂಡು, ನಾಲ್ಕು ಪ್ಲಾಸ್ಟಿಕ್ ಗಾಲಿಗಳು, ಅಚ್ಚುಗಳಾಗಿ ನಾಲ್ಕು ಮೊಳೆಗಳು. ಕಾರಿನ ತೂಕ ಸಾಮಾನ್ಯವಾಗಿ 5 ಔನ್ಸ್, ಎಂದರೆ ಸುಮಾರು 142 ಗ್ರಾಂ ಮೀರುವಂತಿಲ್ಲ. ಇಳಿಜಾರಿನಲ್ಲಿ ಗುರುತ್ವಾಕರ್ಷಣೆಯೇ ಅದನ್ನು ನಡೆಸುವ ಶಕ್ತಿ. ಹೀಗಿದ್ದರೂ ಒಂದು ಕಾರು ಮುಂದಾಗಿ, ಇನ್ನೊಂದು ಹಿಂದುಳಿಯುವುದೇಕೆ? ದೊರೆತ ಶಕ್ತಿಯಲ್ಲಿ ಯಾವುದು ಕಡಿಮೆ ಕಳೆದುಕೊಳ್ಳುವುದೋ ಅದು ಮುಂದಾಗುತ್ತದೆ.

ಇಲ್ಲಿ ಅಚ್ಚು ತಿರುಗುವುದಿಲ್ಲ; ಅದರ ಮೇಲೆ ಗಾಲಿ ತಿರುಗುತ್ತದೆ. ಗಾಲಿಯ ವ್ಯಾಸ ಸುಮಾರು 30 ಮಿಲಿಮೀಟರ್. ಅಚ್ಚಿನ ವ್ಯಾಸ 2 ಮಿಲಿಮೀಟರಿಗಿಂತ ತುಸು ಹೆಚ್ಚು. ಗಾಲಿಯು 14 ಅಂಗುಲ ಉರುಳಿದರೆ, ಅದರ ರಂಧ್ರವು ಅಚ್ಚಿನ ಮೇಲೆ ಉಜ್ಜುವ ದೂರ ಸುಮಾರು 1 ಅಂಗುಲ. ಅಚ್ಚು ದಪ್ಪವಾದಷ್ಟೂ ಈ ದೂರ ಬೆಳೆದು, ಘರ್ಷಣೆಯ ನಷ್ಟವೂ ಬೆಳೆಯುತ್ತದೆ. ಆದುದರಿಂದ ಅಚ್ಚು ತೆಳುವಾಗಿರುವುದು ಮೇಲು. ಆದರೆ ಭಾರಕ್ಕೆ ಬಾಗುವಷ್ಟು ತೆಳುವಾಗಬಾರದು.

ಹಾಗಾದರೆ ಗಾಲಿಯನ್ನು ದೊಡ್ಡದು ಮಾಡಿದರಾಗದೆ? ದೊಡ್ಡ ಗಾಲಿ ಕಡಿಮೆ ಸುತ್ತು ತಿರುಗುವುದರಿಂದ ಉಜ್ಜುವಿಕೆ ತಗ್ಗುವುದು ನಿಜ. ಆದರೆ ಸಾಮಾನ್ಯವಾಗಿ ಅದರ ತೂಕವೂ ಹೆಚ್ಚು. ಭಾರವಾದ ಗಾಲಿಯನ್ನು ತಿರುಗಿಸಲು ಶಕ್ತಿಯ ಹೆಚ್ಚಿನ ಪಾಲು ಬೇಕಾಗುತ್ತದೆ. ರಂಧ್ರದ ಅಳತೆಯಲ್ಲಿಯೂ ಇದೇ ಮಾತು. ಅದು ಬಿಗಿಯಾದರೆ ಧೂಳಿನ ಕಣವೂ ಗಾಲಿಯನ್ನು ತಡೆಯುತ್ತದೆ. ಸಡಿಲವಾದರೆ ಗಾಲಿ ಅತ್ತಿತ್ತ ಓಲಾಡುತ್ತದೆ.

ಅನೇಕ ಪಂದ್ಯಗಳಲ್ಲಿ, ಕೊಟ್ಟ ಗಾಲಿಗಳನ್ನೂ ಅಚ್ಚುಗಳನ್ನೂ ಬದಲಿಸಬಾರದೆಂಬ ನಿಯಮವಿದೆ. ಒಬ್ಬನು ಗುಟ್ಟಾಗಿ ತೆಳುವಾದ ಅಚ್ಚನ್ನು ಸೇರಿಸಿದರೆ ಉಳಿದವರೆಲ್ಲರ ಶ್ರಮ ವ್ಯರ್ಥವಾಗುತ್ತದೆ. ಆದರೂ ಮಗುವಿನ ಕೈಗೆ ಕೆಲಸ ಉಳಿದಿದೆ. ಮೊಳೆಯ ಏಣುಗಳನ್ನು ಅರದಿಂದ ತೆಗೆದು, ಉಪ್ಪುಕಾಗದದಿಂದ ಉಜ್ಜಿ ನುಣುಪಾಗಿಸಬೇಕು. ಬಂಡಿಯ ಅಚ್ಚಿಗೆ ಕೀಲೆಣ್ಣೆ ಹಚ್ಚುವಂತೆ, ಇದಕ್ಕೆ ಗ್ರಾಫೈಟ್ ಪುಡಿಯನ್ನು ಸವರಬೇಕು. ಅಚ್ಚನ್ನು ಓರೆಯಾಗದಂತೆ ಕೂಡಿಸಬೇಕು. ಇದನ್ನೆಲ್ಲ ತಂದೆಯೇ ಮಾಡಿಕೊಟ್ಟರೆ ಕಾರು ಗೆದ್ದೀತು, ಮಗು ಕಲಿಯದು. ತಾನೇ ಉಜ್ಜಿದ ಮೊಳೆಯೊಡನೆ ಸೋತ ಮಗುವಾದರೋ, ಮುಂದಿನ ವರ್ಷ ಎಲ್ಲಿ ತಿದ್ದಬೇಕೆಂಬುದನ್ನು ಅರಿತು ಮನೆಗೆ ಮರಳುತ್ತದೆ.

ಪ್ರಶ್ನೆಗಳು
1. ಅಚ್ಚು ತೆಳುವಾಗಿದ್ದರೆ ಘರ್ಷಣೆಯ ನಷ್ಟ ಕಡಿಮೆಯಾಗುವುದೇಕೆ?
2. ದೊಡ್ಡ ಗಾಲಿಯಿಂದಾಗುವ ಲಾಭನಷ್ಟಗಳನ್ನು ವಿವರಿಸಿರಿ.
3. ಎಲ್ಲರಿಗೂ ಒಂದೇ ಬಗೆಯ ಸಾಮಗ್ರಿಯನ್ನು ಕೊಡುವುದರ ಉದ್ದೇಶವೇನು?